ಎಡೆದೊರೆಯಲ್ಲಿ ತುರ್ಕಮಾನ್ ಮಾತು

ತುರ್ಕರ ನುಡಿಯಲ್ಲಿ ‘ಕರಾ’ ಎಂದರೆ ಕರಿ, ‘ಕೊಯುನ್’ ಎಂದರೆ ಕುರಿ. ‘ಕರಾ ಕೊಯುನ್ಲು’ ಎಂದರೆ ಕರಿಕುರಿಯವರು. ಹದಿನೈದನೆಯ ಶತಮಾನದಲ್ಲಿ ಇರಾನಿನ ಪಶ್ಚಿಮ ಭಾಗವನ್ನು ಆಳಿದ ತುರ್ಕಮಾನ್ ಕುಲವೊಂದರ ಹೆಸರು ಇದು. ಅವರ ಎದುರಾಳಿಗಳು ‘ಆಕ್ ಕೊಯುನ್ಲು’, ಅಂದರೆ ಬಿಳಿಕುರಿಯವರು. ಕರಾ–ಕರಿ, ಕೊಯುನ್–ಕುರಿ ಎಂಬ ಹೋಲಿಕೆಯನ್ನು ಕಂಡು ಓದುಗರು ಹುಬ್ಬೇರಿಸಬಹುದು. ಆದರೆ ಅದು ಆಕಸ್ಮಿಕ. ಅದನ್ನು ನೆಚ್ಚಿ ನೆಂಟಸ್ತಿಕೆ ಹೂಡಲಾಗದು.

ಈ ಕುರಿಯವರಿಗೂ ನಮ್ಮ ರಾಯಚೂರಿಗೂ ಏನು ಸಂಬಂಧ? ಗೋಲ್ಕೊಂಡದ ರಾಜ್ಯವನ್ನು ಕಟ್ಟಿ 1543ರಲ್ಲಿ ತೀರಿಕೊಂಡ ಸುಲ್ತಾನ್ ಕುಲಿ ಹಮದಾನಿನಿಂದ ಬಂದ ಕರಿಕುರಿಯ ವಂಶದವನು. ಬಿಜಾಪುರದ ಯೂಸುಫ್ ಆದಿಲ್ ಶಾಹನನ್ನು ಚರಿತ್ರಕಾರ ಫಿರಿಸ್ತಾ ತುರ್ಕಿಯ ಸುಲ್ತಾನನ ಮಗನೆಂದು ಬಣ್ಣಿಸಿದ್ದಾನೆ. ಆ ಕಥೆಯನ್ನು ಇಂದಿನ ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ; ಸಾವಾ ಪಟ್ಟಣದ ಬಿಳಿಕುರಿಯ ತುರ್ಕಮಾನರ ಪೈಕಿ ಅವನೆಂಬ ಇನ್ನೊಂದು ಹೇಳಿಕೆಯೂ ಉಂಟು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ. ನಮ್ಮ ಹಿಂದಿನವರು ಎಡೆದೊರೆ ಎಂದು ಕರೆದ ಈ ನೆಲಕ್ಕಾಗಿ ವಿಜಯನಗರದೊಡನೆ ಕಾದಾಡಿದವರು ಯೂಸುಫನ ಮನೆಯವರು.

ಯೂಸುಫನ ಮಗ ಇಸ್ಮಾಯಿಲ್ 1510ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಅವನ ತಾಯಿ ಬೂಬೂಜಿ ಖಾನಂ ಮರಾಠರ ಮಗಳು. ಆದರೆ ಹುಡುಗನನ್ನು ದಖ್ಖನಿಗರಿಂದ ದೂರವಿರಿಸಿ ಬೆಳೆಸಿದರು. ಅದರಲ್ಲಿ ಇರಾನಿನಿಂದ ಬಂದ ಅತ್ತೆ ದಿಲ್‌ಶಾದ್ ಆಗಾಳ ಕೈ ದೊಡ್ಡದು. ಅವನಿಗೆ ತುರ್ಕಿ ಮತ್ತು ಪಾರಸಿಯ ಮಾತು, ಸಂಗೀತ, ನಡೆನುಡಿಗಳೇ ಹಿತವೆಂದೂ ದಖ್ಖನಿಯನ್ನು ಅವನು ಅಪರೂಪಕ್ಕೆ ಆಡುತ್ತಿದ್ದನೆಂದೂ ಫಿರಿಸ್ತಾ ಬರೆಯುತ್ತಾನೆ. ಕಮಾಲ್ ಖಾನನ ಒಳಸಂಚಿನ ದಿನ ಅರಮನೆಯ ಬಾಗಿಲಲ್ಲಿ ಗಂಡುಡುಗೆ ತೊಟ್ಟು ನಿಂತು ಹುಡುಗನನ್ನು ಉಳಿಸಿದವರು ಇದೇ ತಾಯಿ, ಇದೇ ಅತ್ತೆ.

ಆ ಮನೆಯಲ್ಲಿ ಆಡಿದ ತುರ್ಕಿ ಹೇಗಿದ್ದಿತು? ಇಂದಿನ ತುರ್ಕಮೆನಿಸ್ತಾನದ ನುಡಿ ಅದರ ಮಗಳಲ್ಲ, ದಾಯಾದಿ. ಅಜರ್‌ಬೈಜಾನಿನ ನುಡಿ ಇನ್ನೂ ಹತ್ತಿರದ್ದು. ಆದರೂ ಮೂಳೆಕಟ್ಟು ಒಂದೇ. ತುರ್ಕಮಾನ್ ನುಡಿಯ ವರ್ತಮಾನಕಾಲವನ್ನು ಕಲಿಯುವುದು ಕನ್ನಡಿಗನಿಗೆ ಅರ್ಧ ಗಂಟೆಯ ಕೆಲಸ. ಧಾತು, ಅದರ ಬೆನ್ನಿಗೆ ಕಾಲದ ಗುರುತು, ಕೊನೆಗೆ ಪುರುಷದ ಗುರುತು. ಬರು–ತ್ತ್–ಏನೆ ಎಂಬ ಅದೇ ಸಾಲು. ‘ಗೆಲ್’ ಎಂದರೆ ಬಾ. ಮೆನ್ ಗೆಲ್ಯಾರಿನ್, ನಾನು ಬರುತ್ತೇನೆ. ಸೆನ್ ಗೆಲ್ಯಾರ್‌ಸಿಙ್, ನೀನು ಬರುತ್ತೀಯೆ. ಓಲ್ ಗೆಲ್ಯಾರ್, ಅವನು ಬರುತ್ತಾನೆ. ಬಿಜ್ ಗೆಲ್ಯಾರಿಸ್, ನಾವು. ಸಿಜ್ ಗೆಲ್ಯಾರ್‌ಸಿಙಿಜ್, ನೀವು. ಒಲಾರ್ ಗೆಲ್ಯಾರ್‌ಲೆರ್, ಅವರು. ಕ್ರಿಯಾಪದವೇ ಕರ್ತೃವನ್ನು ಹೇಳುವುದರಿಂದ ಮೆನ್, ಸೆನ್‌ಗಳನ್ನು ಬಿಟ್ಟರೂ ಅರ್ಥ ಕೆಡುವುದಿಲ್ಲ, ನಮ್ಮಲ್ಲೂ ಹಾಗೆಯೇ. ‘ಓಲ್’ ಎಂಬುದಕ್ಕೆ ಮಾತ್ರ ಲಿಂಗಭೇದವಿಲ್ಲ: ಅವನು, ಅವಳು, ಅದು ಎಲ್ಲವೂ ಓಲ್.

‘ಗೆಲ್ಯಾರ್’ ಎನ್ನುವಲ್ಲಿನ ‘ಯಾ’ವನ್ನು ‘ಬ್ಯಾಂಕು’ ಎನ್ನುವಾಗಿನಂತೆ ನುಡಿಯಬೇಕು. ಧಾತುವಿನಲ್ಲಿ ಅ, ಒ, ಉ ಬಂದರೆ ಅದು ‘ಯಾತ್ರೆ’ಯ ‘ಯಾ’ ಆಗುತ್ತದೆ: ‘ಅಲ್’ (ತೆಗೆದುಕೊ) ಎಂಬುದರಿಂದ ಅಲ್ಯಾರ್. ಮೊದಲ ಸ್ವರ ಹೇಗೋ ಹಿಂಬಾಲಿಸುವ ಪ್ರತ್ಯಯವೂ ಹಾಗೆ. ಇದಿಷ್ಟು ತಿಳಿದರೆ ಸಾಕು. ಹೆಚ್ಚು ಕಡಿಮೆ ಎಲ್ಲ ಧಾತುಗಳೂ ಈ ಅಚ್ಚಿನಲ್ಲೇ ಬೀಳುತ್ತವೆ. ನಮ್ಮ ‘ಬರು’ವಾದರೋ ಬಾ, ಬರು, ಬಂದ ಎಂದು ಮೂರು ವೇಷ ಹಾಕುತ್ತದೆ. ಪರಕೀಯನಿಗೆ ಕನ್ನಡ ಕಲಿಸಿದವರು ಈ ಕಷ್ಟವನ್ನು ಬಲ್ಲರು.

ನಿಷೇಧದಲ್ಲಿ ಸೊಗಸಿದೆ. ‘ಯೋಕ್’ ಎಂದರೆ ಇಲ್ಲ. ಅದು ಕ್ರಿಯಾಪದದೊಳಗೆ ಕರಗಿ ‘ಗೆಲೆಮೋಕ್’ ಆಗುತ್ತದೆ. ಅರ್ಥ, ನಾನು ಬರುವುದಿಲ್ಲ. ನಾವೂ ‘ಇಲ್ಲ’ವನ್ನೇ ಹಚ್ಚುತ್ತೇವೆ, ಆದರೆ ‘ಬರುವುದಿಲ್ಲ’ದಲ್ಲಿ ಆಳಿನ ಗುರುತು ಉಳಿಯುವುದಿಲ್ಲ, ಅವರ ‘ಗೆಲೆಮೋಕ್’ನಲ್ಲಿ ಉಳಿಯುತ್ತದೆ. ಹಿಂದೆ ‘ಬಾರೆನು’ ಎನ್ನುವಾಗ ನಮ್ಮಲ್ಲೂ ಉಳಿಯುತ್ತಿತ್ತು.

ಇನ್ನೊಂದು ಮಾತು. ಇಸ್ತಾಂಬುಲಿನವರು ‘ಬರುತ್ತಾನೆ’ ಎನ್ನಲು ‘ಗೆಲಿಯೋರ್’ ಎನ್ನುತ್ತಾರೆ. ಅದರಲ್ಲಿನ ‘ಯೋರ್’ ಒಂದು ಕಾಲಕ್ಕೆ ‘ನಡೆ’ ಎಂಬರ್ಥದ ಬೇರೆಯೇ ಕ್ರಿಯಾಪದ, ಬಳಸಿ ಬಳಸಿ ಸವೆದು ಪ್ರತ್ಯಯವಾಯಿತು. ಮಾನ್ವಿಯ ಸಂತೆಗೆ ಹೋಗಿ ಕೇಳಿದರೆ ಅದೇ ಕೆಲಸ ಕನ್ನಡದಲ್ಲಿ ನಡೆದಿರುವುದು ಕಿವಿಗೆ ಬೀಳುತ್ತದೆ. ಅಲ್ಲಿಯ ‘ಬರಾಕತ್ತೀನಿ’ಯೊಳಗೆ ಅಡಗಿರುವುದು ‘ಹತ್ತು’ ಎಂಬ ಧಾತುವೇ.

ಇಂಥ ಹೋಲಿಕೆಗಳನ್ನು ಕಂಡೇ ಕಾಲ್ಡ್‌ವೆಲ್ ಪಾದ್ರಿ 1856ರ ತನ್ನ ವ್ಯಾಕರಣದಲ್ಲಿ ದ್ರಾವಿಡ ನುಡಿಗಳನ್ನು ತುರ್ಕಿಯೇ ಮೊದಲಾದ ‘ಸಿಥಿಯನ್’ ನುಡಿಗಳ ಮಗ್ಗುಲಿಗೆ ಕೂರಿಸಿದನು. ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಕಟ್ಟುವ ರೀತಿ ಒಂದಾದ ಮಾತ್ರಕ್ಕೆ ರಕ್ತ ಒಂದಾಗಬೇಕಿಲ್ಲವಷ್ಟೆ.

ಹೀಗೆ ಅಚ್ಚು ಒಂದೇ ಆಗಿದ್ದರೂ ತುರ್ಕಿಯ ಒಂದು ಕ್ರಿಯಾಪದವೂ ಎಡೆದೊರೆಯಲ್ಲಿ ಬೇರೂರಲಿಲ್ಲ. 1520ರ ಮೇ ತಿಂಗಳಲ್ಲಿ ಇಸ್ಮಾಯಿಲನ ದಂಡು ಕೃಷ್ಣೆಯನ್ನು ದಾಟಿ ಬಂದಿತು. ‘ಗೆಲ್’ ಎಂದರೆ ಅವನ ಮನೆಮಾತಿನಲ್ಲಿ ಬಾ, ನಮ್ಮಲ್ಲಿ ಜಯಿಸು. ಬಂದದ್ದು ಅವನು, ಗೆದ್ದದ್ದು ಕೃಷ್ಣದೇವರಾಯ. ಓಡುವವರಲ್ಲಿ ಬಹಳ ಮಂದಿ ನದಿಯ ಪಾಲಾದರು. ರಾಯ ತೀರಿಕೊಂಡ ಮೇಲೆ 1530ರಲ್ಲಿ ಇಸ್ಮಾಯಿಲ್ ರಾಯಚೂರನ್ನೂ ಮುದಗಲ್ಲನ್ನೂ ಮರಳಿ ಹಿಡಿದ. ಕೋಟೆ ಸಿಕ್ಕಿತು, ಮಾತು ನಿಲ್ಲಲಿಲ್ಲ. ಮುಂದಿನ ಪೀಳಿಗೆಗೆ ಅದನ್ನು ಆಡಿಸುವ ಇನ್ನೊಬ್ಬ ದಿಲ್‌ಶಾದ್ ಬರಲಿಲ್ಲವೆಂಬುದೇ ಕಾರಣವೆಂದು ನನಗೆ ತೋರುತ್ತದೆ. 1534ರಲ್ಲಿ ಪಟ್ಟವೇರಿದ ಇಸ್ಮಾಯಿಲನ ಮಗ ಇಬ್ರಾಹೀಮನು ತಂದೆಯ ದಂಡು ತೊಡುತ್ತಿದ್ದ ಹನ್ನೆರಡು ಮೊನೆಯ ಕೆಂಪು ಕುಲಾವಿಯನ್ನು ತೆಗೆಯಿಸಿದ, ಹೊರನಾಡಿನ ಸರದಾರರಲ್ಲಿ ಬಹುಮಂದಿಯನ್ನು ಕಳುಹಿಸಿಬಿಟ್ಟ, ಸರಕಾರದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಕರಣಿಕರ ಕೈಗೆ ಕೊಟ್ಟ.

ಉಳಿದವು ನಾಮಪದಗಳು, ಅವೂ ಹೆಚ್ಚಾಗಿ ದಂಡಿನವು, ದರಬಾರಿನವು: ತೋಪು (ಮಾವಿನ ತೋಪಲ್ಲ, ಗುಂಡು ಹಾರಿಸುವುದು), ಖಾನ್, ಬೇಗಂ. ‘ಖಜಾಂಚಿ’ಯ ತುದಿಯಲ್ಲಿರುವ ‘ಚಿ’ ಕೂಡ ತುರ್ಕಿಯದು. ನಮ್ಮ ‘ಗಾರ’ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಕ್ರಿಯೆಯ ವಿಷಯದಲ್ಲಿ ಮಾತ್ರ ಕನ್ನಡ ಜಿಗುಟು. ‘ಬದಲ್’ ಎಂಬುದು ಅರಬ್ಬಿಯಿಂದ ಬಂದಿತು, ಬರಲಿ ಎಂದಿತು. ಬಂದ ಮೇಲೆ ತನ್ನ ‘ಇಸು’ವನ್ನು ತೊಡಿಸಿ ‘ಬದಲಾಯಿಸು’ ಎಂದು ಮಾಡಿಕೊಂಡಿತು. ದೇವದುರ್ಗದ ಒಕ್ಕಲಿಗ ಇಂದು ‘ಬದಲಾಯಿಸ್ತೀನಿ’ ಎನ್ನುವಾಗ ಕೊನೆಯ ಆ ‘ತೀನಿ’ ಅವನ ಅಜ್ಜಿಯದು.