ಗಾಜಿನ ತೊಟ್ಟಿಯಲ್ಲಿ ಪಾಚಿಯ ಜತೆ ಜಟಾಪಟಿ

1849ರಲ್ಲಿ ಲಂಡನ್ನಿನ ಅಪಾತಿಕರೀಸ್ ಹಾಲ್‌ನ ರಸಾಯನತಜ್ಞ ರಾಬರ್ಟ್ ವಾರಿಂಗ್ಟನ್ ಒಂದು ದೊಡ್ಡ ಗಾಜಿನ ಪಾತ್ರೆಯ ತಳಕ್ಕೆ ಮರಳು, ಮಣ್ಣು ಹಾಕಿ, ವ್ಯಾಲಿಸ್ನೇರಿಯ ಎಂಬ ರಿಬ್ಬನ್ನಿನಂಥ ಎಲೆಯ ನೀರುಗಿಡ ನೆಟ್ಟು, ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟರು. ಮೀನು ಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಬೇಕು, ಗಿಡ ಬಿಡುವ ಆಮ್ಲಜನಕ ಮೀನಿಗೆ ಸಾಲಬೇಕು, ನೀರು ಬದಲಿಸುವ ಗೋಜೇ ಇರಬಾರದು ಎಂಬುದು ಅವರ ಲೆಕ್ಕ. ಸ್ವಲ್ಪ ದಿನ ಲೆಕ್ಕ ಸರಿಹೋಯಿತು. ಆಮೇಲೆ ಹಳೆಯ ಎಲೆಗಳು ಹಳದಿಗೆ ತಿರುಗಿ ಕೊಳೆತವು. ನೀರು ಕದಡಿತು. ಗಾಜಿನ ಒಳಮೈಗೂ ಚೆನ್ನಾಗಿದ್ದ ಎಲೆಗಳಿಗೂ ಹಸಿರು ಲೋಳೆ ಮೆತ್ತಿಕೊಂಡಿತು.

ಕೆರೆಕುಂಟೆಗಳಲ್ಲಿ ಕೊಳೆತ ಎಲೆಯನ್ನು ಯಾರು ಖಾಲಿ ಮಾಡುತ್ತಾರೆ ಎಂದು ಯೋಚಿಸಿದ ವಾರಿಂಗ್ಟನ್, ಕೆಲವು ಬಸವನಹುಳುಗಳನ್ನು ತಂದು ತೊಟ್ಟಿಗೆ ಹಾಕಿದರು. ಅವು ಕೊಳೆತದ್ದನ್ನೂ ಲೋಳೆಯನ್ನೂ ಮೇಯ್ದವು, ನೀರು ತಿಳಿಯಾಯಿತು. ಹುಳುಗಳಿಟ್ಟ ಮೊಟ್ಟೆ ಮೀನಿಗೆ ಆಹಾರವೂ ಆಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಅವರಿಟ್ಟ ಈ ಪ್ರಯೋಗದ ಪ್ರಬಂಧವನ್ನು ಅಕ್ವೇರಿಯಂ ಹವ್ಯಾಸದ ಮೂಲದಾಖಲೆ ಎಂದೇ ಇತಿಹಾಸಕಾರರು ಎಣಿಸುತ್ತಾರೆ. ಪಾಚಿ ನಿಯಂತ್ರಣದ ಮೂಲದಾಖಲೆಯೂ ಅದೇ.

ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಉಳ್ಳವರ ಮನೆಯ ಹಜಾರಗಳಲ್ಲಿ ಗಾಜಿನ ತೊಟ್ಟಿಗಳು ಕಾಣಿಸಿಕೊಂಡವು. ಗಿಡಕ್ಕೆ ಬೆಳಕು ಬೇಕಲ್ಲ ಎಂದು ಜನ ಅವನ್ನು ಕಿಟಕಿಯ ಪಕ್ಕ ಇಟ್ಟರು. ಬಿಸಿಲು ಏರಿದಂತೆ ನೀರು ಹಸಿರು ಸಾರಾಯಿತು. ಆಗ ಆರೋಪ ಬೆಳಕಿನ ಮೇಲೆ ಬಂತು. ಕೆರೆಯೊಳಕ್ಕೆ ಬೆಳಕು ಮೇಲಿನಿಂದಷ್ಟೇ ಇಳಿಯುತ್ತದೆ, ನಾಲ್ಕೂ ಕಡೆಯಿಂದ ಅಲ್ಲ ಎಂದು ವಾರಿಂಗ್ಟನ್ ಹಿಂಬದಿ ಓರೆಯಾಗಿರುವ, ಮೇಲಿನಿಂದ ಮಾತ್ರ ಬೆಳಕು ಬೀಳುವ ತೊಟ್ಟಿಯೊಂದನ್ನು ರೂಪಿಸಿದರು. ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್ ಇನ್ನೂ ಮುಂದೆ ಹೋದರು. 1871ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅವರು ಕಟ್ಟಿದ ಕಡಲನೀರಿನ ಅಕ್ವೇರಿಯಂನಲ್ಲಿ, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಸಂಗ್ರಹ ತೊಟ್ಟಿ ನೆಲದಡಿಯ ಕತ್ತಲಲ್ಲಿತ್ತು. ಪಂಪುಗಳು ನೀರನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸುತ್ತಿದ್ದವು. ಕತ್ತಲಲ್ಲಿ ಕಾಲ ಕಳೆದ ನೀರಿನಲ್ಲಿ ಪಾಚಿ ತಲೆಯೆತ್ತಲಾರದು ಎಂಬುದೇ ಅದರ ಯುಕ್ತಿ.

ಇಪ್ಪತ್ತನೇ ಶತಮಾನ ವಿಷದ ಬಾಟಲಿ ಹಿಡಿದು ಬಂತು. ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲರ್‌ಮನ್, ಕುಡಿಯುವ ನೀರಿನ ಜಲಾಶಯಗಳ ಪಾಚಿಯನ್ನು ಮೈಲುತುತ್ತದಿಂದ ಕೊಲ್ಲಬಹುದೆಂದು 1904ರಲ್ಲಿ ಪ್ರಕಟಿಸಿದರು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ಅದೇ ಮೈಲುತುತ್ತ. ಕಾಲಕ್ರಮದಲ್ಲಿ ತಾಮ್ರದ ಈ ಉಪ್ಪು ಮೀನಂಗಡಿಗಳ ಪಾಚಿನಾಶಕ ಸೀಸೆಗಳಿಗೂ ಇಳಿಯಿತು. ಮುಂದೆ ಸಿಮಜೀನ್ ಎಂಬ ಹೊಲದ ಕಳೆನಾಶಕವೂ ಅದರ ಜತೆ ಸೇರಿತು. ಪಾಚಿ ಸಾಯುತ್ತಿತ್ತು, ನಿಜ. ಆದರೆ ತಾಮ್ರ ಬಸವನಹುಳುವನ್ನೂ ಸಿಗಡಿಯನ್ನೂ ಬಿಡುವುದಿಲ್ಲ, ನಾಜೂಕಾದ ನೀರುಗಿಡಗಳನ್ನೂ ಸುಡುತ್ತದೆ. ಸತ್ತ ಪಾಚಿ ಕೊಳೆತು ನೀರಿಗೆ ಬಿಟ್ಟ ಪೋಷಕಾಂಶ ಮುಂದಿನ ಪಾಚಿಗೆ ಗೊಬ್ಬರವಾಗುತ್ತಿತ್ತು.

ಪಾಚಿಯನ್ನು ಕೊಲ್ಲುವ ಬದಲು ಗಿಡವನ್ನು ಪೋಷಿಸುವ ದಾರಿ ಯುರೋಪಿನಲ್ಲಿ ಸದ್ದಿಲ್ಲದೆ ಬೆಳೆಯಿತು. ಡಚ್ ಹವ್ಯಾಸಿಗಳು ಮೀನಿಗಿಂತ ಗಿಡಕ್ಕೇ ಹೆಚ್ಚು ಮಾನ ಕೊಟ್ಟು, ತೊಟ್ಟಿಯ ತಳ ಕಾಣದಂತೆ ಸಾಲುಸಾಲಾಗಿ ನೆಡುತ್ತಿದ್ದರು. 1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟು ಮಹಾಯುದ್ಧದ ನಂತರ ಅಕ್ವೇರಿಯಂ ಮುಚ್ಚಳದಡಿ ಸೇರಿಕೊಂಡ ಮೇಲೆ ಬೆಳಕಿನ ಗಂಟೆಗಳು ಮಾಲೀಕರ ಕೈಗೆ ಬಂದವು. ಪಶ್ಚಿಮ ಜರ್ಮನಿಯ ಕಾಸ್ಪರ್ ಹೋರ್ಸ್ಟ್ ಮತ್ತು ಹೋರ್ಸ್ಟ್ ಕಿಪ್ಪರ್ ಇಂಗಾಲದ ಡೈಆಕ್ಸೈಡಿನ ಸಿಲಿಂಡರು, ಕಬ್ಬಿಣದಂಶದ ಗೊಬ್ಬರ, ತಳವನ್ನು ಬೆಚ್ಚಗಿಡುವ ತಂತಿ ಎಲ್ಲವನ್ನೂ ಒಂದು ಪದ್ಧತಿಯಾಗಿ ಹೊಂದಿಸಿದರು.

ಜಪಾನಿನ ನಿಗಾಟದ ತಕಾಶಿ ಅಮಾನೊ 1982ರಲ್ಲಿ ತಮ್ಮ ಅಕ್ವೇರಿಯಂ ಕಂಪನಿ ಆರಂಭಿಸಿದ ಹೊತ್ತಿನಲ್ಲೇ ಪಾಚಿ ತಿನ್ನುವ ಪ್ರಾಣಿಗಳ ಹುಡುಕಾಟದಲ್ಲಿದ್ದರು. ಅವರಿಗೆ ಒಲಿದದ್ದು ತಮ್ಮ ನಾಡಿನ ಹೊಳೆಗಳ ಒಂದು ಸಿಗಡಿ. ಮೈ ಬಹುಪಾಲು ಪಾರದರ್ಶಕ, ಪಕ್ಕೆಯಲ್ಲಿ ಚುಕ್ಕೆಗಳ ಸಾಲು. ಎಲೆಯಂಚಿನ ನೂಲುಪಾಚಿಯನ್ನು ಅದು ಪುಟ್ಟ ಕೈಗಳಿಂದ ಎಳೆಎಳೆಯಾಗಿ ಕಿತ್ತು ಬಾಯಿಗಿಡುತ್ತದೆ. ಅದರ ಮರಿಗಳು ಬೆಳೆಯಲು ಉಪ್ಪುಮಿಶ್ರಿತ ನೀರು ಬೇಕಾದ್ದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಸಂತಾನ ಹೆಚ್ಚಿ ಹೋಗುವ ಭಯವಿಲ್ಲ. ಜಗತ್ತಿನ ಅಂಗಡಿಗಳಲ್ಲಿ ಇಂದು ಅದು ‘ಅಮಾನೊ ಸಿಗಡಿ’. 2015ರಲ್ಲಿ ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು ಅಮಾನೊ ಲಿಸ್ಬನ್ನಿನ ಓಷನೇರಿಯಂನಲ್ಲಿ 40 ಮೀಟರ್ ಉದ್ದದ, 1,60,000 ಲೀಟರ್ ನೀರಿನ ಗಿಡಗಳ ತೊಟ್ಟಿಯನ್ನು ಸಿದ್ಧಪಡಿಸಿದ್ದರು.

ಹುಳು, ಕತ್ತಲು, ತಾಮ್ರ, ಸಿಗಡಿ ಎಲ್ಲವೂ ಪಾಚಿಯ ವಿರುದ್ಧದ ಉಪಾಯಗಳು. ಆದರೆ ಪಾಚಿ ಬರುವುದಾದರೂ ಏಕೆ ಎಂಬ ಪ್ರಶ್ನೆಗೆ ಖಚಿತವಾದ ಉತ್ತರವೊಂದು ಅಮಾನೊ ಸಿಗಡಿಗೂ ಮೊದಲೇ ಕೆನಡಾದ ಕೆರೆಯೊಂದರಲ್ಲಿ ಕಂಡಿತ್ತು. ಒಂಟಾರಿಯೊ ಪ್ರಾಂತ್ಯದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಲ್ಲಿ 226ನೇ ನಂಬರಿನದನ್ನು ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ವಿನೈಲ್ ಪರದೆಯಿಂದ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಸುರಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗ ಪಾಚಿಯಿಂದ ಹಸಿರಾಯಿತು, ಪರದೆಯಾಚೆಯದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಅದರ ಚಿತ್ರ ಬಟ್ಟೆ ಒಗೆಯುವ ಪುಡಿಗಳಲ್ಲಿನ ಫಾಸ್ಫೇಟ್ ವಿರುದ್ಧದ ವಾದಕ್ಕೆ ದೊಡ್ಡ ಬಲ ತಂದಿತು.

ಅದೇ ತರ್ಕ 1990ರ ದಶಕದಲ್ಲಿ ಅಕ್ವೇರಿಯಂಗೆ ಬಂತು. ಕೆನಡಾದವರೇ ಆದ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ 1996ರಲ್ಲಿ ಪ್ರಕಟಿಸಿದ ಬರಹದ ಸಾರ ಇಷ್ಟು: ಗಿಡಕ್ಕೆ ಬೇಕಾದ ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣಗಳನ್ನು ಧಾರಾಳವಾಗಿ ಕೊಡಿ, ಫಾಸ್ಫೇಟನ್ನು ಮಾತ್ರ ಬೇರೆಯಾಗಿ ಹಾಕಬೇಡಿ. ಮೀನಿನ ಆಹಾರದಿಂದ ಬರುವ ಚೂರುಪಾರು ಫಾಸ್ಫೇಟನ್ನು ಬೆಳೆಯುವ ಗಿಡಗಳೇ ಹೀರಿಬಿಡುತ್ತವೆ, ಪಾಚಿ ಉಪವಾಸ ಬೀಳುತ್ತದೆ. ಈ ಪೋಷಕಾಂಶಗಳ ದ್ರಾವಣವನ್ನು ಪೊಟ್ಯಾಸಿಯಂ ನೈಟ್ರೇಟ್, ಎಪ್ಸಂ ಉಪ್ಪಿನಂಥ ಅಗ್ಗದ ಪುಡಿಗಳಿಂದ ಚಮಚದ ಅಳತೆಯಲ್ಲಿ ಮನೆಯಲ್ಲೇ ಕಲಸಬಹುದಿತ್ತು. ‘ಬಡವರ ಹನಿಗಳು’ ಎಂಬರ್ಥದ ಹೆಸರಿನಿಂದ ಅದು ಹವ್ಯಾಸಿಗಳ ನಡುವೆ ಹರಡಿತು. ದುಬಾರಿ ಸೀಸೆಗಳ ಹಂಗು ತಪ್ಪಿತು. ಪಾಚಿ ಎಂದರೆ ವಿಷ ಹಾಕಬೇಕು ಎಂಬ ಯೋಚನೆಯ ಜಾಗಕ್ಕೆ ಗಿಡಕ್ಕೆ ಊಟ ಹಾಕಬೇಕು ಎಂಬುದು ಬಂತು.

ಸಿದ್ಧಾಂತದ ಅರ್ಧ ಭಾಗ ಮಾತ್ರ ಹೆಚ್ಚು ದಿನ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯದ ಟಾಮ್ ಬಾರ್ ಅವರ ನಲ್ಲಿ ನೀರಿನಲ್ಲಿ ಫಾಸ್ಫೇಟ್ ಹೇರಳವಾಗಿದ್ದರೂ ಗಿಡಗಳು ಸೊಂಪಾಗಿದ್ದವು, ಪಾಚಿಯ ಸುಳಿವಿರಲಿಲ್ಲ. ಅವರು ಬೇಕೆಂದೇ ಫಾಸ್ಫೇಟ್ ಹಾಕಿ ನೋಡಿದರು. ಆಗಲೂ ಪಾಚಿ ಬರಲಿಲ್ಲ. ಫಾಸ್ಫೇಟಿಗೆ ಉಪವಾಸ ಬಿದ್ದ ತೊಟ್ಟಿಗಳಲ್ಲಿ ಗಿಡಗಳೇ ಸೊರಗಿ, ಗಾಜಿನ ಮೇಲೆ ಬ್ಲೇಡಿನಿಂದ ಕೆರೆದರಷ್ಟೇ ಹೋಗುವ ಹಸಿರು ಚುಕ್ಕೆಗಳು ಕೂರುತ್ತಿದ್ದವು. ಬಾರ್ ರೂಪಿಸಿದ ಪದ್ಧತಿಯಲ್ಲಿ ಎಲ್ಲ ಪೋಷಕಾಂಶವನ್ನೂ ಅಗತ್ಯಕ್ಕಿಂತ ಹೆಚ್ಚೇ ಕೊಟ್ಟು, ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ ಲೆಕ್ಕವನ್ನು ಮತ್ತೆ ಮೊದಲಿಗೆ ತರಲಾಗುತ್ತದೆ. ದಕ್ಷಿಣ ಭಾರತದ ಮೂಲದ ರೊಟಾಲ ಮ್ಯಾಕ್ರಾಂಡ್ರದಂಥ ಹಠಮಾರಿ ಕೆಂಪೆಲೆ ಗಿಡಗಳೂ ಇಂಥ ಉಪಚಾರಕ್ಕೆ ಒಗ್ಗಿದವು.

ಹಾಗಾದರೆ ಶಿಂಡ್ಲರ್ ಅವರ ಕೆರೆ ಸುಳ್ಳು ಹೇಳಿತೇ? ಇಲ್ಲ. ಆ ಕೆರೆಯಲ್ಲಿ ಫಾಸ್ಫೇಟ್ ದಕ್ಕಿದ್ದು ನೀರಿನಲ್ಲಿ ತೇಲುವ ಪಾಚಿಗೆ. ತೊಟ್ಟಿಯಲ್ಲಿರುವಂತೆ ತಳದಿಂದ ಮೇಲಿನವರೆಗೆ ಒತ್ತಾಗಿ ಎದ್ದ ಗಿಡಗಳ ಪೈಪೋಟಿ ಅಲ್ಲಿರಲಿಲ್ಲ. ಆಳವಿಲ್ಲದ ಕೆರೆಗಳನ್ನು ಅಧ್ಯಯನ ಮಾಡಿದ ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 1993ರಲ್ಲೇ ಒಂದು ವಿಚಿತ್ರವನ್ನು ವಿವರಿಸಿದ್ದರು. ಪೋಷಕಾಂಶ ಒಂದೇ ಮಟ್ಟದಲ್ಲಿದ್ದರೂ ಇಂಥ ಕೆರೆ ಗಿಡ ತುಂಬಿ ತಿಳಿಯಾಗಿಯೂ ಇರಬಲ್ಲದು, ಪಾಚಿ ತುಂಬಿ ರಾಡಿಯಾಗಿಯೂ ಇರಬಲ್ಲದು. ಯಾವ ಸ್ಥಿತಿಗೆ ಮೊದಲು ಬಿತ್ತೋ ಅದರಲ್ಲೇ ಉಳಿಯಲು ನೋಡುತ್ತದೆ.

1999ರಲ್ಲಿ ಅಮೆರಿಕದ ಡಯಾನಾ ವಾಲ್‌ಸ್ಟಾಡ್ ‘ಎಕಾಲಜಿ ಆಫ್ ದ ಪ್ಲಾಂಟೆಡ್ ಅಕ್ವೇರಿಯಂ’ ಬರೆದಾಗ ಅವರ ತೊಟ್ಟಿಗಳಲ್ಲಿ ಸಿಲಿಂಡರೂ ಇರಲಿಲ್ಲ, ದ್ರಾವಣದ ಸೀಸೆಯೂ ಇರಲಿಲ್ಲ. ತಳಕ್ಕೆ ಕೈತೋಟದ ಮಣ್ಣು, ಮೇಲೆ ಜಲ್ಲಿ, ಅಪರೂಪಕ್ಕೊಮ್ಮೆ ನೀರಿನ ಬದಲಾವಣೆ. ಬಾರ್ ಅವರದಕ್ಕೆ ಇದು ಪೂರ್ತಿ ಉಲ್ಟಾ. ಆದರೂ ಎರಡೂ ನಡೆಯುತ್ತವೆ. ಎರಡರಲ್ಲೂ ಬದಲಾಗದ ಒಂದೇ ನಿಯಮ, ಮೊದಲ ದಿನವೇ ಒತ್ತಾಗಿ ನೆಡಬೇಕು ಎಂಬುದು.

ಅದಕ್ಕೇ ಈಗ ಅನುಭವಿಗಳು ಹೊಸ ತೊಟ್ಟಿಗೆ ಆರಂಭದಲ್ಲೇ ಹೈಗ್ರೊಫಿಲ, ಹಾರ್ನ್‌ವರ್ಟ್‌ನಂಥ ಬೇಗ ಬೆಳೆಯುವ ಗಿಡಗಳನ್ನು ಕಂತೆಗಟ್ಟಲೆ ತುಂಬುತ್ತಾರೆ. ದೀಪ ದಿನಕ್ಕೆ 6ರಿಂದ 8 ಗಂಟೆ ಮಾತ್ರ. ಮೀನು ಕಡಿಮೆ, ಮೊದಲ ವಾರಗಳಲ್ಲಿ ನೀರು ಬದಲಾಯಿಸುವುದು ಮೇಲಿಂದ ಮೇಲೆ. ನಿಧಾನವಾಗಿ ಬೆಳೆಯುವ ಅನೂಬಿಯಾಸ್, ಕ್ರಿಪ್ಟೊಕೊರೈನ್‌ಗಳು ಬೇರು ಹಿಡಿದ ಮೇಲೆ ಆ ಬಾಡಿಗೆ ಗಿಡಗಳನ್ನು ಕಿತ್ತು, ಹೊಸ ತೊಟ್ಟಿ ಇಡುವ ಮತ್ತೊಬ್ಬರಿಗೆ ಕೊಡುತ್ತಾರೆ.