ವಿಯೆನ್ನಾದ ವಠಾರಗಳು ಬೆಚ್ಚಗಾದ ಕಥೆ

ಚಳಿ ದೇಶದ ನಗರಗಳಲ್ಲಿ ಬಡವನು ಎರಡು ಬಾಡಿಗೆ ಕೊಡಬೇಕು. ಒಂದು ಮನೆಯ ಮಾಲೀಕನಿಗೆ, ಇನ್ನೊಂದು ಕಲ್ಲಿದ್ದಲಿನ ಅಂಗಡಿಯವನಿಗೆ. ಮೊದಲನೆಯದನ್ನು ಕೊಡದಿದ್ದರೆ ಬೀದಿಗೆ ಬೀಳಬೇಕು. ಎರಡನೆಯದನ್ನು ಕೊಡದಿದ್ದರೆ ಮನೆಯೊಳಗಿದ್ದೂ ಬೀದಿಯಲ್ಲಿದ್ದ ಹಾಗೆಯೇ. ಈ ಎರಡನ್ನೂ ಹಗುರ ಮಾಡಲು ಒಂದು ನಗರ ನೂರು ವರ್ಷಗಳಿಂದ ನಡೆಸಿರುವ ಪ್ರಯತ್ನ ಸ್ವಾರಸ್ಯಕರವಾಗಿದೆ. ಆ ನಗರ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ.

ವಿಯೆನ್ನಾ ಎಂದೊಡನೆ ನಮಗೆ ಮೊಜಾರ್ಟ್, ಬೀಥೋವನ್‌ರ ಸಂಗೀತ ನೆನಪಾಗುತ್ತದೆ. ಅರಮನೆಗಳು ಕಣ್ಣಮುಂದೆ ಬರುತ್ತವೆ. ಆದರೆ 1910ರ ವೇಳೆಗೆ ಅದು 20 ಲಕ್ಷ ಜನ ಕಿಕ್ಕಿರಿದಿದ್ದ ಊರು. ಬೊಹೀಮಿಯಾ, ಮೊರಾವಿಯಾ, ಗಲೀಷಿಯಾಗಳಿಂದ ಕೂಲಿ ಅರಸಿ ಬಂದವರು ಬಹುಮಹಡಿ ವಠಾರಗಳಲ್ಲಿ ತುಂಬಿಕೊಂಡಿದ್ದರು. ಒಂದು ಸಂಸಾರಕ್ಕೆ ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ತೆರೆಯುತ್ತಿದ್ದುದು ಕತ್ತಲೆಯ ಓಣಿಗೆ. ನೀರಿಗೆ ಇಡೀ ಅಂತಸ್ತಿಗೆ ಒಂದೇ ನಲ್ಲಿ, ಶೌಚಾಲಯವೂ ಹೊರಗೆ. ನಲ್ಲಿಯ ಬಳಿಯ ಜಗಳ, ಹರಟೆಗಳು ಅಲ್ಲಿನ ನಗೆನಾಟಕಗಳಿಗೆ ವಸ್ತುವಾದವು. ನಮ್ಮ ವಠಾರಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಾಡಿಗೆ ಕಟ್ಟಲಾಗದ ಸಂಸಾರಗಳು ಹಾಸಿಗೆಯನ್ನೇ ಬಾಡಿಗೆಗೆ ಕೊಡುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದವನು, ಮನೆಯವರು ಎದ್ದುಹೋದ ಹಾಸಿಗೆಯಲ್ಲಿ ಹಗಲು ಮಲಗುತ್ತಿದ್ದ. ಕೋಣೆಯ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲ. ನಿದ್ದೆ ಮುಗಿದೊಡನೆ ಹೊರಡಬೇಕು. ಹಿಮ ಬೀಳುವ ದಿನಗಳಲ್ಲಿ ಹೋಗುವುದಾದರೂ ಎಲ್ಲಿಗೆ? ಅಂಥವರಿಗಾಗಿಯೇ ಧರ್ಮಸಂಸ್ಥೆಗಳು ಬೆಂಕಿ ಉರಿಸಿದ ಬೆಚ್ಚನೆಯ ಕೋಣೆಗಳನ್ನು ತೆರೆದಿದ್ದವು. ಕೈಯಲ್ಲಿ ನಾಲ್ಕು ಕಾಸಿದ್ದವರಿಗೆ ಕಾಫಿಮನೆ ಇತ್ತು. ಒಂದು ಲೋಟ ಕಾಫಿ ಮುಂದಿಟ್ಟುಕೊಂಡು ದಿನವಿಡೀ ಪತ್ರಿಕೆ ಓದುತ್ತ ಕೂರಬಹುದಿತ್ತು. ವಿಯೆನ್ನಾದ ಹೆಸರಾಂತ ಕಾಫಿಮನೆ ಸಂಸ್ಕೃತಿಯ ಹಿಂದೆ ಸಾಹಿತ್ಯಪ್ರೇಮದಷ್ಟೇ ತಣ್ಣನೆಯ ಬಾಡಿಗೆ ಕೋಣೆಗಳ ಪಾಲೂ ಇದೆ.

ಮೊದಲನೆಯ ಮಹಾಯುದ್ಧ ಎಲ್ಲವನ್ನೂ ತಲೆಕೆಳಗು ಮಾಡಿತು. ಗಂಡಸರು ರಣರಂಗದಲ್ಲಿರುವಾಗ ಅವರ ಮನೆಯವರನ್ನು ಮಾಲೀಕರು ಹೊರಹಾಕಬಾರದೆಂದು 1917ರಲ್ಲಿ ಸರ್ಕಾರ ಬಾಡಿಗೆಗೆ ಕಡಿವಾಣ ಹಾಕಿತು. 1918ರಲ್ಲಿ ಸಾಮ್ರಾಜ್ಯವೇ ಒಡೆಯಿತು. ಕಲ್ಲಿದ್ದಲಿನ ಗಣಿಗಳು ರಾತ್ರೋರಾತ್ರಿ ಪರದೇಶದ ಪಾಲಾದವು. ಆ ಚಳಿಗಾಲ ಜನ ಕೊಡಲಿ ಹಿಡಿದು ನಗರದಂಚಿನ ವಿಯೆನ್ನಾ ಕಾಡಿಗೆ ನಡೆದರು; ಕಡಿದ ಸೌದೆಯನ್ನು ಬೆನ್ನ ಮೇಲೆ ಹೊತ್ತು ತಂದರು. ಮುಂದೆ ಹಣದುಬ್ಬರ ಬಂದಾಗ, ಹಳೆಯ ಮಟ್ಟದಲ್ಲೇ ನಿಂತಿದ್ದ ಬಾಡಿಗೆಗೆ ಬೆಲೆಯೇ ಇಲ್ಲದಂತಾಯಿತು. ಇದ್ದ ಬಾಡಿಗೆದಾರ ಬದುಕಿಕೊಂಡ. ಆದರೆ ಲಾಭವಿಲ್ಲದ ಕಡೆ ಹೊಸ ಮನೆ ಕಟ್ಟುವವರು ಯಾರು?

ಆ ಹೊಣೆಯನ್ನು ನಗರಸಭೆಯೇ ಹೊತ್ತಿತು. 1919ರಲ್ಲಿ ಅಲ್ಲಿ ಸೋಷಿಯಲ್ ಡೆಮಾಕ್ರಟರು ಅಧಿಕಾರಕ್ಕೆ ಬಂದಿದ್ದರು. 1922ರಲ್ಲಿ ವಿಯೆನ್ನಾ ಪ್ರತ್ಯೇಕ ಪ್ರಾಂತವಾಗಿ, ತೆರಿಗೆ ಹಾಕುವ ಅಧಿಕಾರ ಪಡೆಯಿತು. ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೋ ಬ್ರೈಟ್ನರ್ ಷಾಂಪೇನು, ಮೋಟಾರು, ಮನೆಯಾಳುಗಳ ಮೇಲೆಲ್ಲ ತೆರಿಗೆ ಹಾಕಿದ. 1923ರಲ್ಲಿ ಗೃಹನಿರ್ಮಾಣ ತೆರಿಗೆ ಬಂತು. ದೊಡ್ಡ ಮನೆಗೆ ದೊಡ್ಡ ದರ, ಸಣ್ಣ ಮನೆಗೆ ಸಣ್ಣ ದರ. ಎಲ್ಲಕ್ಕಿಂತ ದುಬಾರಿಯಾಗಿದ್ದ ಶೇಕಡಾ ಅರ್ಧದಷ್ಟು ಕಟ್ಟಡಗಳಿಂದಲೇ ಈ ತೆರಿಗೆಯ ಶೇಕಡಾ 40ಕ್ಕೂ ಹೆಚ್ಚು ಹಣ ಬರುತ್ತಿತ್ತು. ಸಾಲ ಮಾಡದೆ, ತೆರಿಗೆಯ ಹಣದಿಂದಲೇ ಕಟ್ಟಿದ್ದರಿಂದ ಬಾಡಿಗೆಯಲ್ಲಿ ಬಡ್ಡಿ ಸೇರಲಿಲ್ಲ. ದುರಸ್ತಿ, ನಿರ್ವಹಣೆಯ ಖರ್ಚು ಹುಟ್ಟಿದರೆ ಸಾಕಾಗಿತ್ತು. ಕಾರ್ಮಿಕನ ಕೂಲಿಯಲ್ಲಿ ಬಾಡಿಗೆಯ ಪಾಲು ಶೇಕಡಾ 4ರ ಆಸುಪಾಸಿಗೆ ಇಳಿಯಿತು. 1934ರ ವೇಳೆಗೆ ಎದ್ದು ನಿಂತ ಮನೆಗಳು 60 ಸಾವಿರಕ್ಕೂ ಹೆಚ್ಚು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡ. ಅದರಲ್ಲಿ 1,382 ಮನೆಗಳಿದ್ದವು.

ಇನ್ನು ಎರಡನೆಯ ಬಾಡಿಗೆಯ ಮಾತು. ಈ ಮನೆಗಳು ಚಿಕ್ಕವು, ಹೆಚ್ಚಿನವು 40-50 ಚದರ ಮೀಟರಿನಷ್ಟೇ. ಸ್ನಾನದ ಮನೆ ಇರಲಿಲ್ಲ. ಇಡೀ ಕಟ್ಟಡವನ್ನು ಒಂದೆಡೆಯಿಂದ ಕಾಯಿಸುವ ವ್ಯವಸ್ಥೆಯೂ ಇರಲಿಲ್ಲ. ಅದಕ್ಕೆ ಬೇರೆ ಉಪಾಯಗಳಿದ್ದವು. ಮೊದಮೊದಲು ಕಟ್ಟಿದ ಅನೇಕ ಮನೆಗಳಲ್ಲಿ ಅಡುಗೆಮನೆಯೇ ನಡುಮನೆ. ಅನ್ನ ಬೇಯಿಸುವ ಒಲೆಯೇ ಮೈಯನ್ನೂ ಬೆಚ್ಚಗಿಡುತ್ತಿತ್ತು. ಸಂಜೆ ಮಕ್ಕಳ ಓದು, ತಾಯಿಯ ಹೊಲಿಗೆ ಎಲ್ಲ ಅಲ್ಲಿಯೇ. ಒಂದು ಬೆಂಕಿ, ಎರಡು ಕೆಲಸ. ಬಟ್ಟೆ ಒಗೆಯಲು ಮನೆಮನೆಯಲ್ಲಿ ಹಂಡೆ ಕಾಯಿಸುವ ಬದಲು, ಬಿಸಿನೀರು, ಬಿಸಿಗಾಳಿಯ ಸಾಮೂಹಿಕ ಒಗೆತದ ಮನೆಗಳು ಬಂದವು. ಸ್ನಾನಕ್ಕೆ ಸಾರ್ವಜನಿಕ ಸ್ನಾನಗೃಹಗಳು. ಹಾಗೆಯೇ ನಿವೇಶನದ ಅರ್ಧಭಾಗವನ್ನಾದರೂ ಬಯಲು ಬಿಟ್ಟದ್ದರಿಂದ ಚಳಿಗಾಲದ ಮಂದ ಬಿಸಿಲೂ ಕಿಟಕಿಯೊಳಗೆ ಇಣುಕಿತು.

ಈ ಪ್ರಯೋಗಕ್ಕೆ ಶತ್ರುಗಳೂ ಇದ್ದರು. 1934ರ ಫೆಬ್ರುವರಿ 12ರಂದು ಅಂತರ್ಯುದ್ಧ ಸಿಡಿದಾಗ ಡಾಲ್ಫುಸ್ ಸರ್ಕಾರ ಕಾರ್ಲ್ ಮಾರ್ಕ್ಸ್ ಹೋಫ್‌ನ ಮೇಲೆ ಫಿರಂಗಿ ಹಾರಿಸಿತು. 1938ರಲ್ಲಿ ನಾಜಿಗಳು ನಗರಸಭೆಯ ಮನೆಗಳಿಂದ ಯಹೂದಿ ಸಂಸಾರಗಳನ್ನು ಹೊರಗಟ್ಟಿದರು. ಎಲ್ಲರಿಗೂ ಸೂರು ಕೊಡಲೆಂದು ಹುಟ್ಟಿದ ಮನೆಯ ಬಾಗಿಲು, ಅಧಿಕಾರ ಕೈಬದಲಾದಾಗ ಕೆಲವರ ಪಾಲಿಗೆ ಮುಚ್ಚಿತು ಎಂಬುದನ್ನು ಮರೆಯುವಂತಿಲ್ಲ.

ಯುದ್ಧಾನಂತರ ನಗರಸಭೆ ಮತ್ತೆ ಮನೆ ಕಟ್ಟಲು ತೊಡಗಿತು. 1970ರ ದಶಕದ ಆರಂಭದಲ್ಲಿ ಸ್ಪಿಟೆಲಾವ್ ಎಂಬಲ್ಲಿ ಊರ ಕಸ ಸುಟ್ಟು ನೀರು ಕಾಯಿಸುವ ಸ್ಥಾವರ ಬಂತು. ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಗಳನ್ನು ಬೆಚ್ಚಗಾಗಿಸುತ್ತದೆ. 1987ರ ಬೆಂಕಿ ಅನಾಹುತದ ಬಳಿಕ ಕಲಾವಿದ ಹುಂಡರ್ಟ್‌ವಾಸರ್ ಅದಕ್ಕೆ ಬಣ್ಣಬಣ್ಣದ ಹೊಸ ರೂಪ ಕೊಟ್ಟ. ಇಂದು ಇಂಥ ಹಲವು ಸ್ಥಾವರಗಳ ಜಾಲ 4 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕಾಯಿಸುತ್ತಿದೆ. ನಗರಸಭೆಯ ಒಡೆತನದ ಬಾಡಿಗೆ ಮನೆಗಳು ಸುಮಾರು 2 ಲಕ್ಷ 20 ಸಾವಿರ.

ಆದರೂ ಲೆಕ್ಕ ಮುಗಿದಿಲ್ಲ. ಆ ಜಾಲದ ಬಿಸಿಗೆ ಕಸದ ಜೊತೆ ನೈಸರ್ಗಿಕ ಅನಿಲವೂ ಬೇಕು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಅನಿಲದ ಬೆಲೆ ಗಗನಕ್ಕೇರಿತು. ಈ ಬಿಸಿಯ ದರವೂ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮನೆ ಬಾಡಿಗೆಯನ್ನು ಹಿಡಿತದಲ್ಲಿಟ್ಟುಕೊಂಡ ಊರಿಗೂ ಬೆಂಕಿಯ ಬೆಲೆ ಪರರ ಕೈಯಲ್ಲಿದೆ ಎಂಬುದು ಮತ್ತೊಮ್ಮೆ ಮನವರಿಕೆಯಾಯಿತು. 1918ರಲ್ಲಿ ಗಣಿಗಳು ಗಡಿಯಾಚೆ ಉಳಿದಾಗ ಕಲಿತದ್ದೂ ಇದೇ ಪಾಠ. ಮೊದಲನೆಯ ಬಾಡಿಗೆಯನ್ನು ವಿಯೆನ್ನಾ ಗೆದ್ದಿದೆ ಎನ್ನಬಹುದು. ಎರಡನೆಯದರೊಡನೆ ಇನ್ನೂ ಸೆಣಸುತ್ತಿದೆ.