ಮರಿ ಬಚ್ಚಿಡುವ ಹುಲ್ಲು

ಚುಕ್ಕಿ ಜಿಂಕೆಯನ್ನು ನಾವೆಲ್ಲ ಬಲ್ಲೆವು. ಮಧ್ಯಪ್ರದೇಶದ ಕಾನ್ಹಾ ಕಾಡಿನ ಬಾರಾಸಿಂಗ ನಮಗೆ ಅಷ್ಟು ಪರಿಚಯದ್ದಲ್ಲ. ಹನ್ನೆರಡು ಕವಲಿನ ಕೊಂಬುಳ್ಳದ್ದು ಎಂದು ಆ ಹೆಸರಿನ ಅರ್ಥ. ಅದರ ಬಳಗದ ಬೇರೆ ಜಿಂಕೆಗಳು ಜೌಗು ನೆಲದಲ್ಲಿ ಬಾಳಿದರೆ, ಕಾನ್ಹಾದ್ದು ಗಟ್ಟಿ ನೆಲಕ್ಕೆ ಒಗ್ಗಿದ ಗೊರಸಿನ ಪ್ರಾಣಿ. ಒಂದು ಕಾಲಕ್ಕೆ ಅಲ್ಲಿ ಸಾವಿರಗಟ್ಟಲೆ ಇದ್ದವು. 1970ರಲ್ಲಿ ಎಣಿಸಿದಾಗ ಸಿಕ್ಕಿದ್ದು 66 ಮಾತ್ರ.

ಕಾನ್ಹಾ 1955ರಲ್ಲೇ ರಾಷ್ಟ್ರೀಯ ಉದ್ಯಾನವಾಗಿತ್ತು. ಆದರೂ ಜಿಂಕೆ ಕರಗುತ್ತಲೇ ಹೋಯಿತು. ಹುಲಿ ತಿಂದಿತು, ಬೇಟೆಗಾರ ಕೊಂದ ಎಂದು ಹೇಳಿ ಸುಮ್ಮನಾಗುವುದು ಸುಲಭ. 1963ರಲ್ಲಿ ಜಾರ್ಜ್ ಶಾಲರ್ ಎಂಬ ವಿಜ್ಞಾನಿ ಹೆಂಡತಿ ಕೇ ಮತ್ತು ಇಬ್ಬರು ಎಳೆಯ ಗಂಡುಮಕ್ಕಳೊಡನೆ ಇದೇ ಕಾಡಿಗೆ ಬಂದು ನೆಲೆಸಿ, ಹುಲಿ ಮತ್ತು ಜಿಂಕೆಗಳ ಸಂಬಂಧವನ್ನು ಅಭ್ಯಾಸ ಮಾಡಿದ್ದರು. 1971ರಲ್ಲಿ ಬಂದವರು ಸ್ವಿಟ್ಜರ್ಲೆಂಡಿನ ತರುಣ ಕ್ಲಾಡ್ ಮಾರ್ಟಿನ್. ಅವರು ಹಿಡಿದದ್ದು ಬಾರಾಸಿಂಗ ಒಂದನ್ನೇ.

ಎರಡು ವರ್ಷ ಅವರು ಅದರ ದಿನಚರಿಯ ಹಿಂದೆ ಬಿದ್ದರು. ಈ ಜಿಂಕೆಗೆ ಹೆಚ್ಚುಕಡಿಮೆ ಹುಲ್ಲೇ ಆಹಾರ; ಚುಕ್ಕಿ ಜಿಂಕೆಯಂತೆ ಸೊಪ್ಪು ಸದೆ, ಉದುರಿದ ಹಣ್ಣು ತಿಂದು ಕಾಲ ಹಾಕುವ ಜಾಯಮಾನವಲ್ಲ. ಚಳಿಗಾಲದಲ್ಲಿ ಬಸಿರಾದ ಹೆಣ್ಣು ಸುಮಾರು ಎಂಟು ತಿಂಗಳು ಹೊತ್ತು, ಮಳೆಗಾಲ ಮುಗಿಯುವ ಹೊತ್ತಿಗೆ ಒಂದೇ ಒಂದು ಮರಿ ಹಾಕುತ್ತದೆ. ಮರಿಯನ್ನು ಆಳೆತ್ತರದ ಹುಲ್ಲಿನಲ್ಲಿ ಮಲಗಿಸಿ ತಾನು ಮೇಯಲು ಹೋಗುತ್ತದೆ. ಆ ಹುಲ್ಲೇ ಅದರ ತೊಟ್ಟಿಲು. ವರ್ಷವರ್ಷವೂ ಬೆಂಕಿ ಬಿದ್ದು, ಊರ ದನಗಳೂ ಮೇದು ಹುಲ್ಲು ಗಿಡ್ಡವಾದಾಗ ತಾಯಿಗೆ ಮರಿ ಬಚ್ಚಿಡಲು ಜಾಗವೇ ಉಳಿಯಲಿಲ್ಲ. ಕೋವಿಯ ಸದ್ದು ನಿಂತರೂ ಮಂದೆ ಬೆಳೆಯದಿರಲು ಇದೊಂದು ದೊಡ್ಡ ಕಾರಣ.

ಮುಂದಿನ ವರ್ಷಗಳಲ್ಲಿ ಅರಣ್ಯ ಇಲಾಖೆ ಬೆಂಕಿಯನ್ನು ಹತೋಟಿಗೆ ತಂದಿತು. ಹುಲಿ ಚಿರತೆ ನುಗ್ಗದಂತೆ ಬೇಲಿ ಹಾಕಿ, ಒಳಗೆ ಕೆಲವು ಜಿಂಕೆಗಳನ್ನು ಸಾಕಿತು. ಕಾಡಿನೊಳಗಿದ್ದ ಹಳ್ಳಿಗಳನ್ನು ಒಂದೊಂದಾಗಿ ಹೊರಗೆ ಕಳಿಸಿತು. ಸೌಂಫ್ ಎಂಬ ಊರಿನ ಹೊಲಗಳಲ್ಲಿ ಎತ್ತರದ ಹುಲ್ಲು ಎದ್ದಿತು. ಬಾರಾಸಿಂಗಗಳು ಮರಿ ಹಾಕಲು ಅಲ್ಲಿಗೇ ಬಂದವು.

ಈ ಸಂತೋಷದ ಲೆಕ್ಕಕ್ಕೆ ಇನ್ನೊಂದು ಬದಿಯೂ ಇದೆ. ಹೊರಟುಹೋದವರು ಬೈಗಾ ಮತ್ತು ಗೊಂಡ ಜನ. ಇಂಥ ಊರು ಬಿಡುವಾಗ ಒಬ್ಬ ಹೆಂಗಸು ಬಿಟ್ಟುಹೋಗುವುದು ಬರೀ ಗುಡಿಸಲನ್ನಲ್ಲ. ಯಾವ ಮರದ ಬುಡದಲ್ಲಿ ಯಾವ ಗೆಡ್ಡೆ, ಯಾವ ತಿಂಗಳಲ್ಲಿ ಇಪ್ಪೆ ಹೂವು ಎಂಬ ತಿಳಿವಳಿಕೆಯನ್ನೂ ಬಿಡುತ್ತಾಳೆ. ಒಂದು ತಾಯಿಗೆ ಮರಿ ಮಲಗಿಸಲು ಜಾಗ ಸಿಗಲೆಂದು ಇನ್ನೊಬ್ಬ ತಾಯಿ ಒಲೆ ಕಿತ್ತಳು. ಜಿಂಕೆಗಳನ್ನು ಎಣಿಸಿದಷ್ಟು ಜತನದಿಂದ ಅವಳ ನಷ್ಟವನ್ನು ಯಾರಾದರೂ ಎಣಿಸಿದರೇ ಎಂದು ನನ್ನ ಮನಸ್ಸು ಕೇಳುತ್ತಲೇ ಇರುತ್ತದೆ.

ಮಾರ್ಟಿನ್ ಆಮೇಲೆ ಆಫ್ರಿಕದ ಘಾನಾ ದೇಶದ ಮಳೆಕಾಡುಗಳಲ್ಲಿ ದುಡಿದರು. 1993ರಿಂದ 2005ರವರೆಗೆ ವಿಶ್ವ ವನ್ಯಜೀವಿ ನಿಧಿಯ ಮಹಾನಿರ್ದೇಶಕರಾಗಿದ್ದರು. ಕಾನ್ಹಾದ ಜಿಂಕೆಗಳು ಬೇರೆ ಕಾಡಿಗೆ ಕಳಿಸುವಷ್ಟು ಹೆಚ್ಚಿದವು. 2015ರಲ್ಲಿ ಕೆಲವನ್ನು ಸಾತ್ಪುಡಕ್ಕೂ 2023ರಲ್ಲಿ ಕೆಲವನ್ನು ಬಾಂಧವಗಢಕ್ಕೂ ಸಾಗಿಸಿದರು. ಅಲ್ಲಿಯೂ ಅವು ಮೊದಲು ಹುಡುಕುವುದು ಎತ್ತರದ ಹುಲ್ಲನ್ನೇ.